ಮೀನು ಮಾರಿದವರು ಯಾರು

ಎರಡು ಸಾವಿರದ ಆರರಲ್ಲಿ ಅಂಕೋಲೆಯ ದೀಕ್ಷಾ ಹಿಡಿದ ಕೆಲಸ ಎಂಥದ್ದೆಂದು ಅವಳ ಕೇರಿಯಲ್ಲಿ ಒಬ್ಬರಿಗೂ ತಲೆಗೆ ಹತ್ತಲಿಲ್ಲ. ದಿನಾ ಬಸ್ಸು ಹಿಡಿದು ಕಾರವಾರಕ್ಕೆ ಹೋಗಿ, ಕಂಪ್ಯೂಟರಿಗೆ ಭಾಷೆ ಕಲಿಸಲೆಂದು ಅದರ ಮುಂದೆ ಕೂತು ಇಂಗ್ಲಿಷ್ ವಾಕ್ಯ ಓದುವುದು. ಕ್ರಿಯಾಪದ ಯಾವ ಅರ್ಥದಲ್ಲಿ ಬಂದಿದೆ, ಮಾಡಿದವರು ಯಾರು, ಏನನ್ನು, ಯಾರಿಗೆ ಎಂದು ಗುರುತು ಹಾಕುವುದು. ಅದೇ ವಾಕ್ಯಕ್ಕೆ ಇನ್ನೆಲ್ಲೋ ಕೂತ ಮತ್ತೊಬ್ಬರೂ ಗುರುತು ಹಾಕುತ್ತಾರೆ. ಮೊದಲ ತಿಂಗಳ ಪರೀಕ್ಷೆಯಲ್ಲಿ ಇಬ್ಬರ ಗುರುತು ನೂರಕ್ಕೆ ತೊಂಬತ್ತಾದರೂ ತಾಳೆಯಾಗದಿದ್ದರೆ ಮನೆಗೆ ಹೋಗಬೇಕು.

ದೀಕ್ಷಾಗೆ ಈ ಕೆಲಸ ಬೇಕೇ ಬೇಕಿತ್ತು. 'ರನ್' ಎಂಬ ಒಂದೇ ಪದ ಕುದುರೆಗೂ ಅಂಗಡಿಗೂ ನಲ್ಲಿಯ ನೀರಿಗೂ ಸಲ್ಲುವುದನ್ನು ಕಂಡು ಅವಳು ಊಟದ ಡಬ್ಬಿ ತೆರೆಯುವುದನ್ನೇ ಮರೆಯುತ್ತಿದ್ದಳು. ಇಂಥ ಹುಚ್ಚು ಹುಡುಗಿಗೆ ಪರೀಕ್ಷೆಯಲ್ಲಿ ಬಿದ್ದದ್ದು ಎಂಬತ್ತೊಂಬತ್ತು!

ಮೇಲ್ವಿಚಾರಕ ಮಾಬ್ಲೇಶ್ವರ ತಪ್ಪಿದ ವಾಕ್ಯವೊಂದನ್ನು ತೋರಿಸಿದರು. ಮೀನುಗಾರ ತಾನು ಹಿಡಿದ ಮೀನನ್ನು ಪೇಟೆಯಲ್ಲಿ ಮಾರಿದ ಎಂದಿತ್ತು. ದೀಕ್ಷಾ ಅವನನ್ನು ಹಿಡಿದವನೆಂದಷ್ಟೇ ಗುರುತಿಸಿ, ಮಾರಿದವರು ವಾಕ್ಯದಲ್ಲಿಲ್ಲ ಎಂದು ಬರೆದಿದ್ದಳು. ಅವಳ ಕೇರಿಯಲ್ಲಿ ದೋಣಿ ದಡಕ್ಕೆ ಬಂದ ಮೇಲೆ ಗಂಡಸಿನ ಕೆಲಸ ಮುಗಿಯಿತು; ಪೇಟೆಯಲ್ಲಿ ಕೂತು ಮಾರುವವರು ಹೆಂಗಸರೇ.

"ತಂಗಿ, ನಿಂಗೆ ಗೊತ್ತಿದ್ದದ್ದು ಬೇಡ. ವಾಕ್ಯದಲ್ಲಿ ಎಂತ ಇದೆ, ಅಷ್ಟೇ ಗುರುತು ಹಾಕು" ಎಂದ ಮಾಬ್ಲೇಶ್ವರ, ಮರುದಿನಕ್ಕೆ ಇನ್ನೊಂದು ನೂರು ವಾಕ್ಯ ಕೊಡುವುದಾಗಿ ಹೇಳಿದರು. ಅದೇ ಕೊನೆಯ ಅವಕಾಶ.

ಸಂಜೆ ಬಸ್ಸಿಳಿದವಳೇ ಮೀನು ಪೇಟೆಗೆ ಹೋಗಿ, ಬಂಗಡೆ ಜೋಡಿಸುತ್ತಿದ್ದ ತಾಯಿ ಕಲಾವತಿಯ ಬಳಿ ಎಲ್ಲವನ್ನೂ ತೋಡಿಕೊಂಡಳು. ಮಗಳ ಮಾತನ್ನು ಕಲಾವತಿ ಕೊನೆಯವರೆಗೂ ಕೇಳಿದಳು.

"ಹಂಗಾರೆ ಬುಟ್ಟಿ ಹೊತ್ತದ್ದು ಯಾರು?"

"ಅದು ವಾಕ್ಯದಲ್ಲಿ ಇಲ್ಲ, ಅಬ್ಬೆ."

ಕಲಾವತಿ ಗಿರಾಕಿಯತ್ತ ತಿರುಗಿದಳು. ದೀಕ್ಷಾಗೆ ಮಾತ್ರ ಕಸಿವಿಸಿಯಾಯಿತು.

ಮರುದಿನ ಅವಳು ವಾಕ್ಯ ಹೇಳಿದ್ದನ್ನಷ್ಟೇ ಕೇಳಿದಳು. ತೊಂಬತ್ತನಾಲ್ಕು ತಾಳೆಯಾದವು. ಮಾಬ್ಲೇಶ್ವರ ನಗುತ್ತ, ತಿಂಗಳ ಹಿಂದೆ ಅವಳೇ ತುಂಬಿಕೊಟ್ಟಿದ್ದ ಅರ್ಜಿಯನ್ನು ಮುಂದಿಟ್ಟು, ಎಲ್ಲ ಸರಿಯಿದ್ದರೆ ಸಹಿ ಹಾಕು ಎಂದರು.

ತಂದೆ ಸೋಮು: ಮೀನು ವ್ಯಾಪಾರ. ತಾಯಿ ಕಲಾವತಿ: ಮನೆಕೆಲಸ. ಅಕ್ಷರ ತನ್ನದೇ. ಹೀಗೆ ಬರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು.

"ಸರ್, ಇದರಲ್ಲಿ ನಂಗೆ ಗೊತ್ತಿದ್ದದ್ದು ಬರೀಬಹುದಲ್ಲ?" ಎಂದು ಕೇಳಿ, ಎರಡನ್ನೂ ಹೊಡೆದು ಹಾಕಿದಳು. ತಂದೆಯ ಎದುರು ಮೀನು ಹಿಡಿಯುವುದು, ತಾಯಿಯ ಎದುರು ಮೀನು ವ್ಯಾಪಾರ ಎಂದು ಬರೆದು ಸಹಿ ಹಾಕಿದಳು.