ಭಟ್ಟರ ಕಂಪ್ಯೂಟರಿನ ಹಿತೈಷಿ

ಭದ್ರಾವತಿ ಓಲ್ಡ್ ಟೌನಿನಲ್ಲಿ ಜಾತಕ ಬರೆಯುವ ಭಟ್ಟರ ಕಂಪ್ಯೂಟರ್ ಕೆಟ್ಟರೆ ಶಿವಮೊಗ್ಗದಿಂದ ಹೋಗೋನು ನಾನೇ. ಈ ಸಲ ಪರದೆ ತುಂಬ ಕೆಂಪು ಅಕ್ಷರ: ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಇಲ್ಲಿ ಒತ್ತಿ.’ ಪುಕ್ಕಟೆ ಪಂಚಾಂಗದ ಸಾಫ್ಟ್‌ವೇರ್ ಜೊತೆ ಒಳಗೆ ನುಗ್ಗಿದ ಕಳ್ಳ ಜಾಹೀರಾತು ಅದು. ತೆಗೆಯೋಕೆ ಹೋದರೆ ಭಟ್ಟರು ನನ್ನ ಕೈ ಹಿಡಿದರು.

“ಇರಲಿ ಬಿಡು ಮಾರಾಯ. ನೀನು ಕರೆದರೆ ಮಾತ್ರ ಬರ್ತೀಯ. ಇದು ಪಾಪ, ದಿನಾ ಬಂದು ಎಚ್ಚರಿಸುತ್ತೆ.”

ನನಗೆ ಹೊಟ್ಟೆ ಉರಿದುಹೋಯಿತು. “ಕರೆಯದೆ ಬಂದು ಹೆದರಿಸೋರನ್ನ ನಂಬಬೇಡಿ ಭಟ್ರೇ, ಬ್ಲಾಕ್ ಮಾಡಿ” ಅಂತ ಉಪದೇಶ ಕೊಟ್ಟು ಅದನ್ನು ಅಳಿಸಿಹಾಕಿದೆ.

ಅದಕ್ಕಿಂತ ನಾನೇನು ಕಮ್ಮಿ ಅಂತ, ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ‘ಕಂಪ್ಯೂಟರ್ ಹುಷಾರು ಭಟ್ರೇ’ ಎಂದು ಮೆಸೇಜ್ ಹಾಕತೊಡಗಿದೆ. ವಾರದೊಳಗೆ ಭಟ್ಟರು ನನ್ನನ್ನೇ ಬ್ಲಾಕ್ ಮಾಡಿದರು. ಹೇಳಿಕೊಟ್ಟಿದ್ದನ್ನು ಇಷ್ಟು ಚೆನ್ನಾಗಿ ಕಲಿತ ಗಿರಾಕಿ ನನಗೆ ಇನ್ನೊಬ್ಬರಿಲ್ಲ.