ಬ್ರೇಕ್ ಮಾಸ್ತರರ ಮನೆಯ ಚಿಲಕ

ನಮ್ಮ ಭಾವನನ್ನು ಊರಿನವರು ಬ್ರೇಕ್ ಮಾಸ್ತರು ಎಂದು ಕರೆಯುತ್ತಾರೆ, ಎದುರಿಗಲ್ಲ, ಬೆನ್ನ ಹಿಂದೆ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಕಲಿಸುವ ಕಾರಿನಲ್ಲಿ ಮಾಸ್ತರರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಬೇರೆ ಮಾಸ್ತರರು ಅಪಾಯ ಬಂದಾಗ ಅದನ್ನು ಒತ್ತುತ್ತಾರೆ. ನಮ್ಮ ಭಾವ ಅಪಾಯ ಬರಬಹುದು ಅನ್ನಿಸಿದಾಗ ಒತ್ತುತ್ತಾರೆ, ಮತ್ತು ಅವರಿಗೆ ಹಾಗೆ ಅನ್ನಿಸದ ಗಳಿಗೆಯೇ ಇಲ್ಲ. ಅವರ ಕೈಕೆಳಗೆ ಪಾಸಾದವರು ಲೈಸೆನ್ಸನ್ನು ಜೇಬಿಗಿಟ್ಟುಕೊಂಡು, ಇನ್ನೊಬ್ಬರ ಹತ್ತಿರ ಹೋಗಿ ಕಾರು ಓಡಿಸುವುದನ್ನು ಕಲಿಯುತ್ತಾರೆ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಸ್ಕೂಲಿರುವ ಕಟ್ಟಡದಲ್ಲೇ, ಅದೇ ಮಹಡಿಯಲ್ಲಿ, ನನ್ನ ಜೆರಾಕ್ಸ್ ಅಂಗಡಿ ಇದೆ. ಆ ಲೈಸೆನ್ಸುಗಳಿಗೆಲ್ಲ ಪ್ರತಿ ತೆಗೆದುಕೊಡುವವಳು ನಾನೇ.

ಅವರ ಬಲಗಾಲು ಮನೆಯಲ್ಲೂ ಸುಮ್ಮನಿರುವುದಿಲ್ಲ. ಅಕ್ಕ ಒಲೆಯ ಮೇಲೆ ಎಣ್ಣೆ ಇಟ್ಟರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ಒತ್ತುತ್ತಾರೆ. ಟಿವಿಯಲ್ಲಿ ಯಾರಾದರೂ ಜೋರಾಗಿ ಓಡಿದರೂ ಒತ್ತುತ್ತಾರೆ. ಮದುವೆಯಾದ ಹೊಸದರಲ್ಲಿ ಅಕ್ಕ ಇದನ್ನು ನೋಡಿ ನಗುತ್ತಿದ್ದಳು. ಆಮೇಲೆ ಆ ಮನೆಯಲ್ಲಿ ಕಾಲು ಒತ್ತಿದರೆ ಮಾತು ನಿಲ್ಲಬೇಕು ಎಂಬುದು ಅವಳಿಗೂ ಅಭ್ಯಾಸವಾಯಿತು.

ಇವರಿಗೆ ಒಬ್ಬಳೇ ಮಗಳು. ಹತ್ತೊಂಬತ್ತಾದರೂ ನಮಗೆಲ್ಲ ಪುಟ್ಟಿಯೇ. ಕಾಲೇಜಿನ ಎರಡನೇ ವರ್ಷದಲ್ಲಿ ಅವಳು ಮಾತು ಕಡಿಮೆ ಮಾಡಿದಳು, ಊಟ ಬಿಟ್ಟಳು, ಬಿರುಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕತೊಡಗಿದಳು. ಭಾವ ಇದನ್ನು ಕೊಬ್ಬು ಎಂದರು. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವಳು ಒಳಗಿನಿಂದ ಚಿಲಕ ಹಾಕಿಕೊಂಡು ಎಷ್ಟು ಕೂಗಿದರೂ ಓಗೊಡಲಿಲ್ಲ. ಪಕ್ಕದ ಮನೆಯ ಬಡಗಿ ಬಂದು ಬಾಗಿಲು ಒಡೆದ. ಮಗು ಉಳಿಯಿತು. ಆಸ್ಪತ್ರೆಯ ಡಾಕ್ಟರು ಇವಳ ವಯಸ್ಸಿನವರಿಗೆಂದೇ ಇರುವ ಒಂದು ಸೆಂಟರಿನ ಹೆಸರು ಹೇಳಿ, ಕೆಲವು ತಿಂಗಳು ಅಲ್ಲೇ ಇದ್ದು ಚಿಕಿತ್ಸೆ ಪಡೆಯಲಿ ಎಂದರು.

ನೆಂಟರಿಷ್ಟರಿಗೆ ಭಾವ ಹೇಳಿದ್ದೇ ಬೇರೆ. ಮಗಳು ವ್ಯಕ್ತಿತ್ವ ವಿಕಸನದ ಕೋರ್ಸಿಗೆ ಹೋಗಿದ್ದಾಳೆ, ಹಾಸ್ಟೆಲ್ಲಿನಲ್ಲಿದ್ದಾಳೆ ಎಂದರು. ಎಷ್ಟು ರಂಗಾಗಿ ಹೇಳಿದರೆಂದರೆ, ಎದುರುಮನೆಯಾಕೆ ತನ್ನ ಮಗನನ್ನೂ ಸೇರಿಸಲು ಫೀಸು ಎಷ್ಟು ಎಂದು ವಿಚಾರಿಸಿಕೊಂಡು ಬಂದರು. ಆಗ ಮಾತ್ರ ಭಾವ ಸೀಟು ಖಾಲಿಯಿಲ್ಲ ಎಂದುಬಿಟ್ಟರು.

ಸೇರಿಸಿದ ದಿನ ನಾನೂ ಹೋಗಿದ್ದೆ. ಹೊಸದಾಗಿ ಬಂದವರನ್ನು ಇಡುವ ಮೊದಲ ಸಾಲಿನ ಕೋಣೆಗಳನ್ನು ಅಲ್ಲಿನ ಕೌನ್ಸೆಲರ್ ಮೇಡಂ ತೋರಿಸಿದರು. ಯಾವ ಬಾಗಿಲಿಗೂ ಒಳಗಡೆ ಚಿಲಕವಿಲ್ಲ, ಬಚ್ಚಲಿಗೂ ಇಲ್ಲ. ಮೇಜಿನ ಮೂಲೆಗಳು ದುಂಡಗೆ, ಲೋಟಗಳು ಪ್ಲಾಸ್ಟಿಕ್ಕಿನವು, ಊಟವಾದ ಮೇಲೆ ಚಮಚಗಳನ್ನು ಎಣಿಸಿ ಒಳಗಿಡುತ್ತಾರೆ. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರೆ ಭಾವನ ಮುಖ ಅರಳಿತ್ತು. ಜೀವನದಲ್ಲಿ ಮೊದಲ ಸಲ ಅವರಿಗೆ ತಮ್ಮ ಮನಸ್ಸಿನಂಥ ಕಟ್ಟಡ ಸಿಕ್ಕಿತ್ತು.

ಭಾನುವಾರಗಳಂದು ತಂದೆತಾಯಿಗಳನ್ನು ಸುತ್ತ ಕೂರಿಸಿ ಮಾತನಾಡಿಸುತ್ತಿದ್ದರು. ಬೇರೆ ಅಪ್ಪಂದಿರು ತಲೆ ತಗ್ಗಿಸಿ, ನಾನು ಮಗನ ಮಾತು ಕೇಳಿಸಿಕೊಳ್ಳಲಿಲ್ಲ, ಮಗಳ ಮೇಲೆ ಕೈ ಮಾಡಿದೆ ಎಂದು ಹೇಳಿಕೊಂಡು ಅಳುತ್ತಿದ್ದರು. ನಮ್ಮ ಭಾವ ಅವರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ನೀವು ಸಡಿಲ ಬಿಟ್ಟಿದ್ದಕ್ಕೇ ಹೀಗಾಯಿತು ಎನ್ನುವುದು ಅವರ ಸಿದ್ಧ ಮಾತು. ಹಾಗಾದರೆ ಬಿಗಿಹಿಡಿದ ನೀವೇಕೆ ಈ ಕುರ್ಚಿಯಲ್ಲಿ ಕೂತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಅಳುವವರಿಗೆ ಅಷ್ಟು ಬಿಡುವೆಲ್ಲಿ.

ಪುಟ್ಟಿ ನಿಧಾನವಾಗಿ ಚೇತರಿಸಿಕೊಂಡಳು. ಬೆಳಿಗ್ಗೆ ಎಲ್ಲರೂ ಕೂತು ಈ ದಿನ ಮನಸ್ಸು ಹೇಗಿದೆ ಎಂದು ಹೇಳಬೇಕು. ಮೊದಲು ಬಾಯೇ ಬಿಡದವಳು ಆಮೇಲೆ ಬೇರೆಯವರನ್ನು ನಗಿಸತೊಡಗಿದಳಂತೆ. ಪಾತ್ರೆ ತೊಳೆದಳು, ಗಿಡಗಳಿಗೆ ನೀರು ಹಾಕಿದಳು, ಔಷಧಿ ತಪ್ಪಿಸಲಿಲ್ಲ. ಒಂದು ಭಾನುವಾರ ನನ್ನ ಕೈ ಹಿಡಿದು ಹಿತ್ತಲಿನ ಕಡೆಗೆ ಎಳೆದುಕೊಂಡು ಹೋದಳು.

"ಚಿಕ್ಕಮ್ಮ, ನನಗೆ ತೋಟದ ಸಾಲಿನಲ್ಲಿ ರೂಮು ಕೊಟ್ಟಿದ್ದಾರೆ. ಒಳಗಡೆ ಚಿಲಕ ಇದೆ, ನೋಡು. ಮೊದಲನೇ ದಿನ ಹಾಕೋದು, ತೆಗೆಯೋದು, ಹಾಕೋದು, ತೆಗೆಯೋದು, ಅದೇ ಕೆಲಸ."

ಮನೆಗೆ ಹೋಗುವ ಹೊತ್ತು ಹತ್ತಿರವಾದವರಿಗೆ ಮಾತ್ರ ಆ ಸಾಲು. ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುವ ಚಿಲಕ ಅದು. ಆದರೆ ತನ್ನ ರೂಮನ್ನು ಒಂದು ಸಲವೂ ಯಾರೂ ಹಾಗೆ ತೆರೆದಿಲ್ಲ ಎಂದು ಪುಟ್ಟಿ ಹೆಮ್ಮೆಯಿಂದ ಹೇಳಿದಳು. ಭಾವನನ್ನೂ ಕರೆದೆ, ಬಂದು ನೋಡಿ ಎಂದೆ. ಅವರು ಮೊದಲ ಸಾಲಿನ ಕಿಟಕಿಗೆ ಎಂಥ ಸರಳು ಹಾಕಿದ್ದಾರೆ ಎಂದು ತಟ್ಟಿ ನೋಡುವುದರಲ್ಲಿ ಮುಳುಗಿದ್ದರು. ಪುಟ್ಟಿ ಅಲ್ಲಿದ್ದಷ್ಟು ದಿನ ಆ ತೋಟದ ಕಡೆಗೆ ಅವರು ಹೋಗಲೇ ಇಲ್ಲ.

ಮನೆಗೆ ಕಳಿಸುವ ಮುಂಚೆ ಮೇಡಂ ನಮಗೆಲ್ಲ ಬಿಡಿಸಿ ಹೇಳಿದ್ದರು. ಮೊದಲ ಕೆಲವು ತಿಂಗಳೇ ಕಷ್ಟದ್ದು, ಅಲ್ಲಿ ಜಾರಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾದೀತು, ಮನೆಯಲ್ಲಿ ಏನೇ ಬದಲಾಯಿಸುವುದಿದ್ದರೂ ಅವಳ ಜೊತೆ ಕೂತು ಮಾತಾಡಿ ಎಂದರು. ಭಾವ ತಲೆಯಾಡಿಸಿದರು. ಮನೆಗೆ ಬಂದವರೇ ಕಾರಿನ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಇಡೀ ಮನೆಯ ಚಿಲಕಗಳನ್ನು ಬಿಚ್ಚಿದರು. ಪುಟ್ಟಿಯ ರೂಮಿನದು, ಬಚ್ಚಲಿನದು, ಕಕ್ಕಸಿನದು, ಕೊನೆಗೆ ತಾವು ಮಲಗುವ ಕೋಣೆಯದೂ. ಚಾಕು ಕಪಾಟಿಗೆ ಹೋಯಿತು, ಕಪಾಟಿನ ಬೀಗದ ಕೈ ಭಾವನ ಜೇಬಿಗೆ ಹೋಯಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅಕ್ಕ ಈರುಳ್ಳಿ ಹೆಚ್ಚಲು ಗಂಡನ ಅಪ್ಪಣೆ ಕೇಳಬೇಕಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ನಮ್ಮ ಭಾವ ಮನೆಮಂದಿಯ ಮೂಗನ್ನೆಲ್ಲ ಕೊಯ್ದಿದ್ದರು.

ಮನೆಗೆ ಮರಳಿದ ದಿನ ಪುಟ್ಟಿ ಕೈಕಾಲು ತೊಳೆಯಲು ಹೋಗಿ ಬಚ್ಚಲ ಬಾಗಿಲಲ್ಲೇ ನಿಂತಳು. ಚಿಲಕವಿದ್ದ ಜಾಗದ ತೂತುಗಳನ್ನು ಬೆರಳಿನಿಂದ ಸವರಿದಳು. ಮಗಳನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಭಾವನಿಗೆ ಹೇಳಿದೆ.

"ಕೋಳಿನ ಕೇಳಿ ಮಸಾಲೆ ಅರೀತಾರಾ?" ಎಂದರು, ಅವಳು ಕೇಳಿಸಿಕೊಳ್ಳುವಂತೆಯೇ.

ಆಮೇಲೆ ಆ ಮನೆಯಲ್ಲಿ ನಡೆದದ್ದು ನಾಟಕ. ಬಚ್ಚಲಿನಲ್ಲಿರುವವರು ಒಳಗಿದ್ದೇವೆ ಎಂದು ತಿಳಿಸಲು ಹಾಡಬೇಕು. ಜನ್ಮದಲ್ಲಿ ಹಾಡದ ಅಕ್ಕ ರಾಗವಿಲ್ಲದೆ ಮಗ್ಗಿ ಒಪ್ಪಿಸುತ್ತಿದ್ದಳು. ನೆಂಟರು ಬಂದರೂ ನೀರು ಕುಡಿಯದೆ ಎದ್ದು ಹೋಗುತ್ತಿದ್ದರು. ಪುಟ್ಟಿ ಹಾಡಲಿಲ್ಲ. ಸ್ನಾನವನ್ನು ದಿನ ಬಿಟ್ಟು ದಿನ ಮಾಡಿದಳು, ಆಮೇಲೆ ವಾರಕ್ಕೊಮ್ಮೆ. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು, ಉದ್ದ ತೋಳಿನ ಅಂಗಿ ಮತ್ತೆ ಹೊರಬಂತು. ನೋಡಿದಿರಾ, ಚಿಲಕ ತೆಗೆದದ್ದೇ ಒಳ್ಳೆಯದಾಯಿತು ಎಂದು ಭಾವ ಬೀಗಿದರು. ಆ ಅಂಗಿಯನ್ನು ನೋಡಿದ ದಿನ ನಾನು ಅಂಗಡಿಯಲ್ಲಿ ಕೂತು ಒಬ್ಬಳೇ ಅತ್ತೆ.

ಆ ವಾರದಲ್ಲೇ ಒಂದು ಬೆಳಿಗ್ಗೆ, ಯಾರದೋ ಅವಸರದ ಕೆಲಸವಿದೆ ಎಂದು ಅಂಗಡಿ ಬೇಗ ತೆರೆದೆ. ನಮ್ಮ ಮಹಡಿಗೆಲ್ಲ ಸೇರಿ ಒಂದೇ ಬಚ್ಚಲು, ಕಾರಿಡಾರಿನ ಕೊನೆಯಲ್ಲಿ. ಕೈ ತೊಳೆಯಲು ಹೋದರೆ ಒಳಗಿನಿಂದ ಚಿಲಕ ಹಾಕಿದೆ, ನೀರು ಸುರಿಯುವ ಸದ್ದು, ಜೊತೆಗೆ ಗಂಟಲು ಬಿಚ್ಚಿದ ಹಾಡು. ಹಾಡು ನಿಂತಿತು, ಚಿಲಕ ತೆಗೆಯಿತು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಸೋಪಿನ ಡಬ್ಬಿ, ನಮ್ಮ ಭಾವ. ನಾನು ನೋಡಿದೆ, ಅವರು ನೋಡಿದರು. ಮನೆಯಲ್ಲಿ ನೀರು ಬಂದಿಲ್ಲ ಎಂದರು. ಅವರ ಮನೆಯೂ ನನ್ನ ಮನೆಯೂ ಒಂದೇ ಬೀದಿಯಲ್ಲಿವೆ. ಆ ಬೆಳಿಗ್ಗೆ ನನ್ನ ಮನೆಯ ತೊಟ್ಟಿ ತುಂಬಿ ಹರಿದಿತ್ತು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸ್ಕೂಲಿನ ಜಾಡಮಾಲಿಯನ್ನು ಕೇಳಿದೆ. ಮಾಸ್ತರು ಬೆಳಗ್ಗೆ ಬೇಗ ಬಂದು ಎಲ್ಲವನ್ನೂ ಇಲ್ಲೇ ಮುಗಿಸುತ್ತಾರೆ, ಮಗಳು ಕೋರ್ಸು ಮುಗಿಸಿ ಬಂದಾಗಿನಿಂದ ಹೀಗೆಯೇ ಎಂದ. ನೇರವಾಗಿ ಹೋಗಿ ಅಕ್ಕನಿಗೆ ಹೇಳಿದೆ. ಬೇಗ ಕ್ಲಾಸಿದೆ ಎಂದು ಹೇಳಿ ಹೋಗುತ್ತಾರಲ್ಲ ಎಂದವಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದರೆ ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ನನ್ನ ತಿಳಿಗೇಡಿತನ.

ಪುಟ್ಟಿಯನ್ನು ಮತ್ತೆ ತೋರಿಸಲು ಸೆಂಟರಿಗೆ ಹೋದಾಗ ನಾಲ್ಕು ಜನರೂ ಮೇಡಂ ಎದುರು ಕೂತಿದ್ದೆವು. ನನ್ನನ್ನು ವಾಪಸ್ಸು ಸೇರಿಸಿಕೊಳ್ಳಿ ಎಂದು ಪುಟ್ಟಿ ಕೇಳಿದಳು. ಮನೆಯಲ್ಲಿ ಏನು ಕಷ್ಟ ಎಂದು ಮೇಡಂ ವಿಚಾರಿಸಿದರು.

"ಇಲ್ಲಿ ನನ್ನ ಮೇಲೆ ನಂಬಿಕೆ ಬರೋಕೆ ತಿಂಗಳುಗಟ್ಟಲೆ ಆಯ್ತು. ಮನೆಗೆ ಹೋದ ದಿನಾನೇ ಅದು ಹೋಯ್ತು," ಎಂದಳು.

ಮೊದಲ ಸಾಲಿನಿಂದ ತಾವೇನು ಕಲಿತರೋ ಅದನ್ನೇ ಮನೆಯಲ್ಲಿ ನಡೆಸುತ್ತಿರುವುದಾಗಿ ಭಾವ ಉದ್ದಕ್ಕೂ ವಿವರಿಸಿದರು. ಮಗಳೊಬ್ಬಳಿಗೇ ಅಲ್ಲ, ಎಲ್ಲರಿಗೂ ಒಂದೇ ನಿಯಮ, ನನಗೂ ಅದೇ ಎಂದು ಎದೆ ತಟ್ಟಿಕೊಂಡರು. ಆಗ ಅಕ್ಕ ತಲೆಯೆತ್ತಿದಳು.

"ರೀ, ನೀವು ಸ್ನಾನ ಎಲ್ಲಿ ಮಾಡ್ತೀರಿ ಅಂತ ಮೇಡಂಗೆ ಹೇಳಿ."

ಮೇಜಿನ ಕೆಳಗೆ ಭಾವನ ಬಲಗಾಲು ನೆಲ ಒತ್ತಿತು. ಆದರೆ ಈ ಸಲ ಅಕ್ಕ ನಿಲ್ಲಲಿಲ್ಲ, ಹೇಳಿ ಎಂದು ಮತ್ತೆ ಅಂದಳು. ಸ್ಕೂಲಿನಲ್ಲಿ ಎಂದರು ಭಾವ. ಯಾಕೆ ಎಂದು ಮೇಡಂ ಕೇಳಿದ್ದಕ್ಕೆ, ಅಲ್ಲಿ ಚಿಲಕ ಇದೆ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಪುಟ್ಟಿ ನಗಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಆವತ್ತು ಬಡಗಿ ಬರೋವರೆಗೆ ಆ ಬಾಗಿಲ ಹೊರಗೆ ನಿಂತಿದ್ದೋನು ನಾನು," ಎಂದರು ಭಾವ. ದನಿ ಅವರದಲ್ಲ ಎನ್ನುವಷ್ಟು ಸಣ್ಣದಾಗಿತ್ತು. ಅಕ್ಕನೂ ಅಲ್ಲೇ ನಿಂತಿದ್ದಳು, ಅದು ಅವರಿಗೆ ನೆನಪಿರಲಿಲ್ಲ. ಆದರೂ ಆ ಮಾತಿಗೆ ನನ್ನ ನಗು ಇಂಗಿತು.

ಕೊನೆಗೆ ದಾರಿ ಹೇಳಿದ್ದು ಪುಟ್ಟಿಯೇ. ತೋಟದ ಸಾಲಿನಂಥ ಚಿಲಕ ಹಾಕಿ, ಬಾಗಿಲು ತಟ್ಟಿದರೆ ನಾನು ಓಗೊಡುತ್ತೇನೆ, ಓಗೊಡದಿದ್ದರೆ ಮಾತ್ರ ನಾಣ್ಯ ಹಾಕಿ ತೆಗೆಯಿರಿ ಎಂದಳು. ಮನಸ್ಸು ಕೆಟ್ಟ ದಿನ ಮುಂಚೆಯೇ ಅಮ್ಮನಿಗೆ ಹೇಳುತ್ತೇನೆ ಎಂದೂ ಒಪ್ಪಿದಳು. ವಾರಕ್ಕೊಮ್ಮೆ ಬಂದು ಕಾಣಲು ಹೇಳಿ ಮೇಡಂ ಮನೆಗೆ ಕಳಿಸಿದರು. ಹೊರಡುವ ಮುಂಚೆ ಪುಟ್ಟಿ ಅಪ್ಪನನ್ನು ತೋಟದ ಸಾಲಿಗೆ ಕರೆದುಕೊಂಡು ಹೋಗಿ ಆ ಚಿಲಕ ತೋರಿಸಿದಳು.

ಭಾನುವಾರ ಭಾವ ಹೊಸ ಚಿಲಕ ತಂದರು. ಹಳೆಯ ತೂತುಗಳು ಸಡಿಲವಾಗಿದ್ದವು. ಬೆಂಕಿಕಡ್ಡಿ ಮುರಿದು ತುಂಬಿ, ಅದರ ಮೇಲೆ ಸ್ಕ್ರೂ ಬಿಗಿದರು. ಪುಟ್ಟಿ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಭಾವ ಕುರ್ಚಿ ಎಳೆದುಕೊಂಡು ಬಾಗಿಲ ಮುಂದೆ ಕೂತರು, ಮುಷ್ಟಿಯಲ್ಲಿ ನಾಣ್ಯ, ಬಲಗಾಲು ನೆಲ ಒತ್ತಿದ್ದು ಒತ್ತಿದ ಹಾಗೇ. ಒಂದು ಸಲ ಬಾಗಿಲು ತಟ್ಟಿದರು, ಒಳಗಿನಿಂದ ಹ್ಞೂಂ ಎಂದಳು. ಇನ್ನೊಂದು ಸಲ ತಟ್ಟಲು ಎತ್ತಿದ ಕೈಯನ್ನು ಅಕ್ಕ ಹಿಡಿದುಕೊಂಡಳು. ಇಷ್ಟು ವರ್ಷ ಅವರನ್ನು ಆಡಿಕೊಂಡವಳು ನಾನು, ಆ ಹೊತ್ತು ನಾನೂ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ.

ಚಿಲಕ ತೆಗೆಯಿತು. ಪುಟ್ಟಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು. ಕುರ್ಚಿಯನ್ನೂ, ಕುರ್ಚಿಯಲ್ಲಿದ್ದವರನ್ನೂ, ಮುಷ್ಟಿಯನ್ನೂ ನೋಡಿದಳು.

"ಅಪ್ಪ, ಚಿಲಕ ಚೆನ್ನಾಗಿ ಕೂತಿದೆ. ಇನ್ನು ನೀವೂ ಮನೇಲೇ ಸ್ನಾನ ಮಾಡಬಹುದು."

ಭಾವ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಅವರ ಟವೆಲ್ಲೂ ಸೋಪೂ ಸ್ಕೂಲಿನಲ್ಲಿದ್ದವು.