ನಿಂಬೆಗಿಡಕ್ಕೆ ಕಟ್ಟಿದ ತಗಡು

ಆಗತಾನೆ ಕಣ್ಣು ಬಿಟ್ಟ ಸಸಿಗಳಿಗೂ ಮದುವೆಮನೆಯಲ್ಲಿ ಸಾಲಾಗಿ ಕೂತ ಬೀಗರ ಕಡೆಯವರಿಗೂ ಒಂದು ಹೋಲಿಕೆಯುಂಟು: ಎಲ್ಲರೂ ಒಂದೇ ಥರ ಕಾಣುತ್ತಾರೆ, ಯಾರು ಯಾರೆಂದು ಕೇಳುವುದು ಮರ್ಯಾದೆಯಲ್ಲ. ಇವತ್ತು ಮುಂಜಾನೆ ನನ್ನ ಹಿತ್ತಲಿನ ಒಂದು ಮಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಇದು ಬದನೆಯೋ ಮೆಣಸಿನಕಾಯಿಯೋ ಎಂದು ಬಹಳ ಹೊತ್ತು ಜಿಜ್ಞಾಸೆ ನಡೆಸಿದೆ. ಐಸ್‌ಕ್ರೀಮಿನ ಕಡ್ಡಿಯ ಮೇಲೆ ನಾನೇ ಬರೆದು ನೆಟ್ಟಿದ್ದ ಹೆಸರು ಬಿಸಿಲಿಗೆ ಹಾರಿಹೋಗಿತ್ತು. 'ಅಳಿಸದ ಶಾಯಿ' ಎಂದು ಆ ಪೆನ್ನಿನ ಮೈಮೇಲೆ ಅಚ್ಚಾಗಿತ್ತು. ಆ ಮಾತೊಂದೇ ಅಳಿಸಿರಲಿಲ್ಲ.

ಕೇಳದಿದ್ದರೂ ಸಲಹೆ ಕೊಡುವುದು ನನ್ನ ಹುಟ್ಟುಗುಣ, ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಚಂದದ ಹೆಸರುಪಟ್ಟಿಗಳಿಗೆ ಮರುಳಾಗಬೇಡಿ. ಮೊಸರಿನ ಡಬ್ಬಿಯನ್ನು ಉದ್ದಕ್ಕೆ ಸೀಳಿ, ಮೈಯನ್ನು ಮರಳಿನಿಂದ ಉಜ್ಜಿ, ಶಾಲೆಯ ಮಕ್ಕಳ ಪೆನ್ಸಿಲ್ಲಿನಿಂದ ಬರೆಯಿರಿ. ದುಬಾರಿ ಪೆನ್ನು ಸೋತಲ್ಲಿ ಪೆನ್ಸಿಲ್ಲು ಗೆಲ್ಲುತ್ತದೆ. ಹೆಂಚಿನ ಚೂರಾದರೆ ಎಣ್ಣೆಬಣ್ಣ. ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸಿನ ತುಂಡಿನ ಬೆನ್ನಿನ ಮೇಲೂ ಬರೆಯಬಹುದು, ಆದರೆ ಗಾಳಿಗೆ ಅದು ತಿರುಗಿದಾಗ ಕೊತ್ತಂಬರಿಯ ನಡುವೆ ಅರ್ಧ ಮೀಸೆಯೊಂದು ನಗುವುದನ್ನು ಸಹಿಸಬೇಕು. ಎಲ್ಲಕ್ಕೂ ಉತ್ತಮ, ನಮ್ಮ ಕಡೆ 'ಜರ್ಮನ್' ಎನ್ನುವ ಅಲ್ಯುಮಿನಿಯಂ ತಾಟು. ಬೆರಳಗಲದ ಪಟ್ಟಿ ಕತ್ತರಿಸಿ, ಮೊಳೆಯಿಂದ ಒತ್ತಿ ಬರೆದು, ತಂತಿಯಲ್ಲಿ ಕಟ್ಟಿದರಾಯಿತು. ಗಿಡ ಸಾಯಬಹುದು, ಹೆಸರು ಸಾಯುವುದಿಲ್ಲ.

ತಗಡಿನ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ. ಸೈಕಲ್ಲಿಗೆ ಪಾತ್ರೆಗಳ ಗಂಟು ಬಿಗಿದು ಕೊಕಟನೂರು, ಮಂಗಸೂಳಿಗಳ ಓಣಿಯಲ್ಲಿ 'ಹಳೇದಕ್ಕ ಹೊಸಾದೂ' ಎಂದು ಕೂಗುತ್ತ ಬದುಕು ಆರಂಭಿಸಿದವನು ಈಗ ಅಥಣಿಯಲ್ಲಿ ಸ್ವಂತ ಪಾತ್ರೆ ಅಂಗಡಿಯ ಗಾದಿಯ ಮೇಲೆ ಕೂತಿದ್ದೇನೆ. ಚೌಕಾಸಿಯೇ ನನ್ನ ವಿದ್ಯಾಭ್ಯಾಸ. ಹೆಣ್ಣುಮಕ್ಕಳು ತಂದ ಗಟ್ಟಿ ತಾಮ್ರದ ಕೊಡವನ್ನು ಬೆರಳಿನಿಂದ ಬಡಿದು, ಮುಖ ಸಣ್ಣದು ಮಾಡಿ, "ಇದರಾಗೇನೂ ಉಳಿದಿಲ್ಲ ಬಿಡವಾ" ಎಂದು ನಿಟ್ಟುಸಿರು ಬಿಡುವ ಅಭಿನಯದಲ್ಲಿ ನನ್ನನ್ನು ಮೀರಿಸಿದವರು ಈ ಪೇಟೆಯಲ್ಲಿಲ್ಲ.

ಅಂಗಡಿಯಲ್ಲಿ ಹೆಸರು ಕೊರೆಯುವ ಯಂತ್ರವೂ ಇದೆ. ಮದುವೆಗೆ ಕೊಡುವ ಕೊಡವಾಗಲಿ ಪರಾತವಾಗಲಿ, ಕೊಟ್ಟವರ ಹೆಸರನ್ನು ಚುಕ್ಕಿಚುಕ್ಕಿಯಾಗಿ ಹೊತ್ತುಕೊಳ್ಳದೆ ನಮ್ಮ ಸೀಮೆಯಲ್ಲಿ ಹೊಸ್ತಿಲು ದಾಟುವುದಿಲ್ಲ. ಈ ಚಟ ನನ್ನ ಹಿತ್ತಲಿಗೂ ಅಂಟಿತು. ಗುಲಾಬಿಯನ್ನು ಗುಲಾಬಿಯೆಂದು ಕಣ್ಣಿಲ್ಲದವನೂ ಮೂಗಿನಿಂದ ಗುರುತಿಸುತ್ತಾನೆ, ಕೊಟ್ಟವರು ಯಾರೆಂಬುದು ಹೂವಿನಲ್ಲಿ ಬರೆದಿರುವುದಿಲ್ಲವಲ್ಲ ಎಂದುಕೊಂಡು, ಪ್ರತಿ ಗಿಡಕ್ಕೂ ಅದರ ಹೆಸರಿನ ಬದಲು ಅದನ್ನು ಕೊಟ್ಟವರ ಹೆಸರನ್ನು ಕೊರೆದು ಕಟ್ಟಿದೆ. ಫಲವೇನೆಂದರೆ, ಯಡೂರಿನಿಂದ ಬಂದ ಸೋದರತ್ತೆ ತನ್ನ ಹೆಸರು ಒಂದು ಒಣಕಡ್ಡಿಗೆ ತೂಗುತ್ತಿರುವುದನ್ನು ಕಂಡು ಹಿತ್ತಲಿನಲ್ಲೇ ಸೊಂಟಕ್ಕೆ ಕೈಯಿಟ್ಟಳು. "ಯಾಕಲೇ, ನಾ ಇನ್ನೂ ಎರಡ ಹೊತ್ತು ಗಟ್ಟಿ ರೊಟ್ಟಿ ಕಡೀತೀನಿ, ನೀ ಆಗಲೇ ನನ್ನ ಒಣಗಿಸಿ ನಿಲ್ಲಿಸೀಯಲ್ಲ!" ಅಂದಿನಿಂದ ಯಾವ ನೆಂಟರು ಬರುವ ಸುದ್ದಿ ಬಂದರೂ ಮೊದಲು ಅವರ ಗಿಡಕ್ಕೆ ನೀರು, ಆಮೇಲೆ ಚಹಾಕ್ಕೆ ಹಾಲು.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದು ನಗುವ ಮಾತಾಗಿ ಉಳಿಯುತ್ತಿತ್ತು.

ಹಿತ್ತಲ ಮೂಲೆಯ ನಿಂಬೆಗಿಡ ನನ್ನ ಅಣ್ಣ ಮಲ್ಲಪ್ಪ ಕೊಟ್ಟದ್ದು. ಹೊಲದಲ್ಲಿದ್ದ ನಿಂಬೆಸಾಲನ್ನು ಕಬ್ಬಿಗಾಗಿ ಕಿತ್ತಾಗ ಉಳಿದ ಒಂದೇ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನನ್ನ ಹೊಸ ಮನೆಯ ವಾಸ್ತುಶಾಂತಿಗೆ ತಂದಿದ್ದ. ಆಮೇಲೆ ಹೊಲದ ಗಾಡಿದಾರಿಗಾಗಿ ನಮ್ಮಿಬ್ಬರಲ್ಲಿ ಮಾತು ನಿಂತಿತು. ಯಾರದು ಸರಿ ಎಂದು ಹೇಳುವುದಿಲ್ಲ. ನಾನು ಹೇಳಿದರೆ ನನ್ನದೇ ಸರಿಯಾಗುತ್ತದೆ.

ಮಾತು ನಿಂತರೂ ತಗಡು ನಿಂತಿತ್ತು. "ಮಾತಾಡಲಾರದವರ ಹೆಸರು ಮುಂಜಾನೆದ್ದು ಯಾಕ ಓದಬೇಕ್ರಿ? ತೆಗದ ಒಗೀರಿ" ಎಂದು ಹೆಂಡತಿ ಅನ್ನುತ್ತಲೇ ಇದ್ದಳು. ನಾನು ತೆಗೆಯಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಸಂತೆಗೆ ಬಂದಾಗಲೆಲ್ಲ ಹಿತ್ತಲಿಗೆ ಬಂದು ಉಡಿಯ ತುಂಬ ನಿಂಬೆಹಣ್ಣು ಕಿತ್ತುಕೊಂಡು ಹೋಗುತ್ತಿದ್ದಳು. ಒಮ್ಮೆ ತಾನಾಗಿಯೇ ಹೇಳಿದಳು: "ಮನಿಗೆ ಹೋದಕೂಡ್ಲೆ ಕೇಳತಾರ ನೋಡಪಾ. ಹಣ್ಣು ಎಷ್ಟ ತಂದಿ ಅನ್ನೂದಿಲ್ಲ, ತಗಡು ಐತೇನು ಅಂತಾರ."

"ಐತಿ ಅಂದ್ರ?"

"ಐತಿ ಅಂದ್ರ ಸುಮ್ಮನ ಊಟಕ್ಕ ಕುಂದರತಾರ."

ಆ ಬೆರಳಗಲದ ಜರ್ಮನ್ ಪಟ್ಟಿಯ ಮೇಲೆ ಒಂದು ಮನೆತನದ ಭಾರ ತೂಗುತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು.

ಮಗಳ ಮದುವೆ ಗೊತ್ತಾದಾಗ ಅವಳ ಮೊದಲ ಪ್ರಶ್ನೆ ಸೀರೆಯದಲ್ಲ. "ದೊಡ್ಡಪ್ಪ ಇಲ್ಲಂದ್ರ ನನ್ನ ಯಾರ ಕಳಸಾವರಪಾ?" ಅಂದಳು. ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನೇ ಸೋತವನು. ಆ ಸೂತ್ರವನ್ನು ಮನೆಯೊಳಗೂ ತಂದುಕೊಂಡಿದ್ದ ನಾನು ವೈನಿಯ ಕಡೆ ನೋಡಿದೆ. ಅವಳು ಎರಡು ಸಂತೆಗಳ ಓಡಾಟದಲ್ಲಿ ಸಂಧಾನ ಕುದುರಿಸಿದಳು. "ಬರ್ತಾರಂತ. ಆದ್ರ ಕರದದ್ದಕ್ಕ ಬಂದಂಗ ಆಗಬಾರದಂತ. ಲಿಂಬಿಹಣ್ಣಿಗೆ ಬಂದಂಗ ಬರ್ತಾರ. ನೀ ಆವಾಗ ಪತ್ರಿಕಿ ಕೈಯಾಗಿಡು."

ಸಡಗರದಲ್ಲಿ ಗಿಡದ ಬುಡ ಕೆದಕಿ ಗೊಬ್ಬರ ಹಾಕಲು ಹೋದಾಗ ಕಂಡಿತು: ನಾನು ಸಸಿಯಿದ್ದಾಗ ಬಿಗಿದಿದ್ದ ತಂತಿಯನ್ನು ಕಾಂಡ ನುಂಗಿತ್ತು. ಮೇಲೆ ತೊಗಟೆ ಬಾವು ಬಂದಂತೆ ಉಬ್ಬಿ, ಎಲೆ ಹಳದಿಗೆ ತಿರುಗಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಅಣ್ಣನ ಹೆಸರೇ ಅಣ್ಣನ ಗಿಡದ ಕುತ್ತಿಗೆ ಹಿಸುಕುತ್ತಿತ್ತು. ಇಕ್ಕಳದಿಂದ ತಂತಿ ತುಂಡರಿಸಿದೆ. ತಗಡೂ ಮಾಸಿತ್ತು. ಹೇಗೂ ಅಣ್ಣ ಬರುತ್ತಾನೆ, ಹೊಳೆಯುವ ಹೊಸ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಕೊರೆದು ಸಡಿಲ ಕುಣಿಕೆಯಲ್ಲಿ ತೂಗಹಾಕೋಣವೆಂದು ಅಂಗಡಿಗೆ ಹೋದೆ.

ಅಣ್ಣ ಅಷ್ಟರಲ್ಲೇ ಬಂದ.

ಹೆಂಡತಿ ಹೇಳಿದ್ದಿಷ್ಟು: ಚೀಲ ಹಿಡಿದು ನೇರ ಹಿತ್ತಲಿಗೇ ಹೋದನಂತೆ. ಕೊಂಬೆ ಕೊಂಬೆ ಸರಿಸಿ ನೋಡಿದನಂತೆ. "ತಗಡು ಎಲ್ಲೈತಿ?" ಎಂದು ಕೇಳಿದನಂತೆ. ಇವಳು ನೀರು ತರುವ ಗಡಿಬಿಡಿಯಲ್ಲಿ, "ಇವತ್ತ ಮುಂಜಾನೆ ತೆಗದಾರ್ರಿ" ಎಂದಳಂತೆ. ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜಕ್ಕೆ ಇರುವ ಹರಿತ ಪೂರ್ತಿ ಸುಳ್ಳಿಗಿಲ್ಲ. "ಛಲೋ ಆತು. ಗಿಡಕ್ಕ ಭಾರ ಆಗಿತ್ತು" ಎಂದು, ಒಂದು ಹಣ್ಣನ್ನೂ ಕೀಳದೆ, ಖಾಲಿ ಚೀಲವನ್ನು ಮಡಚಿ ಬಗಲಿಗಿಟ್ಟುಕೊಂಡು ಹೋದನಂತೆ.

ನನ್ನ ಸೂತ್ರವನ್ನು ನಾನೇ ಮುರಿದೆ. ಹೊಸ ತಗಡು, ತುಂಡಾದ ತಂತಿ, ಮದುವೆಯ ಪತ್ರಿಕೆ ಹಿಡಿದು ಅಂದೇ ಸಂಜೆ ಅಣ್ಣನ ಊರಿಗೆ ಹೋಗಿ, ಕಟ್ಟೆಯ ಮೇಲೆ ಕೂತವನ ಮುಂದೆ ಎಲ್ಲವನ್ನೂ ಹರವಿ, ಬುಡದ ಬಾವು, ಹಳದಿ ಎಲೆ, ಇಕ್ಕಳ ಎಲ್ಲ ವಿವರಿಸಿದೆ. ಆಯುಷ್ಯದಲ್ಲಿ ಒಮ್ಮೆ ಒಂದೇ ಬೆಲೆ ಹೇಳಿದ್ದೆ, ಸರಿಯಾದ ಬೆಲೆ. ಅಣ್ಣ ತಂತಿಯನ್ನು ಎತ್ತಿ ತಿರುಗಿಸಿ ನೋಡಿ, ನನ್ನ ಅಂಗಡಿಯ ಗಿರಾಕಿಯಂತೆ ನಕ್ಕ.

"ತಮ್ಮಾ, ನಿನ್ನ ಅಂಗಡ್ಯಾಗ ಕುಂತು ಕೇಳಿದಾಂವ ನಾ. ಗಟ್ಟಿ ಕೊಡ ಸೋರತೈತಿ ಅಂತ ಮಂದೀನ ನಂಬಸತಿದ್ದಿ. ಗಿಡಕ್ಕ ಉರ್ಲ ಬಿದ್ದಿತ್ತು ಅಂತ ನನ್ನ ನಂಬಸೂದೇನ ದೊಡ್ಡದು?"

"ಬಂದು ನೋಡೋ ಅಣ್ಣಾ. ಗುರುತು ಇನ್ನೂ ಐತಿ."

"ತೆಗದದ್ದಕ್ಕ ಸಿಟ್ಟಿಲ್ಲ. ತೆಗದು ಮತ್ತ ಕಥಿ ತಗೊಂಡು ಬಂದೀಯಲ್ಲ, ಅದಕ್ಕ."

ಬಾಗಿಲಲ್ಲಿ ನಿಂತ ವೈನಿ ಸೆರಗಿನ ತುದಿ ಕಚ್ಚಿಕೊಂಡಳು. ನಿಜ ಹೇಳಿದರೆ ನಂಬುತ್ತಾರೆ ಎನ್ನುವವರು ಬೇರೆ ಏನಾದರೂ ಮಾರಿ ಬದುಕಿದವರಿರಬೇಕು. ನನ್ನ ನಾಲಗೆಯ ನಾಣ್ಯ ಪೇಟೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಅಣ್ಣನ ಕಟ್ಟೆಯ ಮೇಲೆ ಅದು ಖೋಟಾ.

ಮಗಳ ಮದುವೆಯಾಯಿತು. ಕಳಿಸಿಕೊಡುವ ಹೊತ್ತಿಗೆ ಅವಳು ಮಂಟಪದ ಬಾಗಿಲ ಕಡೆಗೇ ನೋಡುತ್ತಿದ್ದಳು. ಕೊನೆಗೆ ಸೋದರಮಾವ ಕೈಹಿಡಿದು ಗಾಡಿ ಹತ್ತಿಸಿದ. ವೈನಿ ಆಮೇಲೆ ಹಿತ್ತಲಿಗೆ ಬಂದಿಲ್ಲ.

ಗಿಡ ಮಾತ್ರ ಚೇತರಿಸಿಕೊಂಡಿದೆ. ಆದ್ದರಿಂದ ಸಲಹೆ ಇನ್ನೊಂದು: ತಂತಿಯನ್ನು ಕಾಂಡಕ್ಕೆ ಬಿಗಿಯಬೇಡಿ, ಕೊಂಬೆಯಲ್ಲಿ ಬೆರಳು ತೂರುವಷ್ಟು ಸಡಿಲಿರಲಿ, ಬರೆಯುವುದಾದರೆ ಬದನೆಯನ್ನು ಬದನೆಯೆಂದೇ ಬರೆಯಿರಿ, ಬದನೆ ಮುನಿಸಿಕೊಳ್ಳುವುದಿಲ್ಲ.

ಇವತ್ತು ಮುಂಜಾನೆಯ ಆ ಹೆಸರಿಲ್ಲದ ಸಸಿಗಳನ್ನು ಬಿಟ್ಟೆದ್ದು ಸಂತೆಗೆ ಹೋದೆ. ಉಳ್ಳಾಗಡ್ಡಿಯ ರಾಶಿಯ ಆಚೆ ಅಣ್ಣ ನಿಂತಿದ್ದ, ನಿಂಬೆಹಣ್ಣು ಕೊಳ್ಳುತ್ತಿದ್ದ. ಮಾರುವವಳು ಹೇಳಿದ ಬೆಲೆಗೆ ಮರುಮಾತಾಡದೆ ಚೀಲ ಒಡ್ಡಿದ. ತೊಗಲು ದಪ್ಪ, ತೊಟ್ಟು ಕಪ್ಪಗಾದ ಹಳೆಯ ಸರಕು. ಹಿಂಡಿದರೆ ಕೈ ನೋಯುತ್ತದೆಯೇ ಹೊರತು ರಸ ಬರುವುದಿಲ್ಲ. ದೂರದಿಂದಲೇ ಗೊತ್ತಾಯಿತು. ಊರಿಗೆಲ್ಲ ಸಲಹೆ ಕೊಡುವ ನನ್ನ ಬಾಯಿ ತೆರೆಯಿತು. ಕೆಟ್ಟ ಹಣ್ಣೆಂದು ನಾನು ಹೇಳಿದ್ದರೆ, ಅವು ಒಳ್ಳೆಯವೇ ಇರಬೇಕೆಂದು ಅವನು ಇನ್ನೂ ನಾಲ್ಕು ಹೆಚ್ಚಿಗೆ ಕೊಳ್ಳುತ್ತಿದ್ದ.